ನೆಟ್ಟುಗಂಟಿ ಮರಿಸಿದ್ದಯ್ಯ

ಕಟ್ಟೆದೊಡ್ಡಿಯ ಸರ್ಕಾರಿ ಶಾಲೆಗೆ ಇಂಟರ್ನೆಟ್ಟು ಬಂದ ದಿನ ಕಂಬ ಹತ್ತಿದವನು ಲೈನಿನ ಮಹದೇವು, ಕಾಗದಕ್ಕೆ ಸಹಿ ಹಾಕಿದವರು ಹೆಡ್ಮೇಷ್ಟ್ರು ಜಯಪ್ರಕಾಶ್, ನೆಟ್ಟಿನ ಡಬ್ಬಿಗೆ ಕುಂಕುಮ ಇಟ್ಟು ಕಾಯಿ ಒಡೆದವಳು ಬಿಸಿಯೂಟದ ಚಲುವಮ್ಮ. ಆದರೆ ಬೆವರಿದವನು ಮರಿಸಿದ್ದಯ್ಯ. ಯಾರ ಮನೆ ಮದುವೆಯಾದರೂ ಅನ್ನ ಸಾಲದೆ ಹೋದೀತು ಎಂದು ಕೈಕೈ ಹಿಸುಕಿಕೊಳ್ಳುವ ಒಬ್ಬ ಮನುಷ್ಯ ಪ್ರತಿ ಊರಿನಲ್ಲೂ ಇರುತ್ತಾನೆ. ಕೆರಗೋಡಿನಲ್ಲಿ ಬಸ್ಸಿಳಿದು ಎರಡು ಮೈಲಿ ನಡೆಯಬೇಕಾದ ಆ ಸಣ್ಣ ಊರಿನಲ್ಲಿ ಈ ಖಾತೆಯನ್ನು ಅವನೊಬ್ಬನೇ ನೋಡಿಕೊಳ್ಳುತ್ತಿದ್ದ.

ಅವನು ಅಪ್ಪನ ಕಾಲದಿಂದ ಊರ ನೀರುಗಂಟಿ. ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಪಾಳಿ ಹಾಕುವ ಕೆಲಸ. ಅದಕ್ಕೊಂದು ಕೋಲಿತ್ತು, ತುದಿಗೆ ಕೆಂಪು ಬಟ್ಟೆ ಸುತ್ತಿದ ಬಿದಿರಿನ ಕೋಲು. ಅದನ್ನು ಯಾರ ಗದ್ದೆಯ ಬಾಯಲ್ಲಿ ನೆಟ್ಟನೋ ನೀರು ಅವರದು. ಕೋಲು ಕೀಳುವ ತನಕ ಮೇಲಿನ ಗದ್ದೆಯವನು ಎಂಥ ಹುಲಿಯಾದರೂ ತನ್ನ ಬದುವಿಗೆ ಗುದ್ದಲಿ ಹಾಕುವಂತಿರಲಿಲ್ಲ. ಕೋಲು ಕಿತ್ತರೆ ಪಾಳಿ ಮುಗಿಯಿತು. "ಮೊದ್ಲು ಕೊನೆ ಗದ್ದೆ ಕುಡೀಬೇಕು, ಆಮ್ಯಾಕೆ ಮಿಕ್ಕೋರು" ಎನ್ನುವುದು ಅವನಪ್ಪ ಹೇಳಿಕೊಟ್ಟ ಒಂದೇ ಒಂದು ಶಾಸ್ತ್ರ. ಎಂಟು ವರ್ಷದ ಹಿಂದೆ ತೂಬಿಗೆ ಕಬ್ಬಿಣದ ಬಾಗಿಲು ಬಂತು, ಅದರ ಬೀಗದ ಕೈ ಬೇರೆಯವರ ಪಾಲಾಯಿತು, ಕೋಲು ಅಟ್ಟ ಸೇರಿತು. ಮರಿಸಿದ್ದಯ್ಯನಿಗೆ ಉಳಿದದ್ದು ಬೆವರುವ ಅಭ್ಯಾಸ ಮಾತ್ರ.

ಶಾಲೆಯಲ್ಲಿ ಎರಡು ವರ್ಷದಿಂದ ಲೆಕ್ಕದ ಮೇಷ್ಟ್ರಿರಲಿಲ್ಲ. ಮರಿಸಿದ್ದಯ್ಯನ ಮೊಮ್ಮಗಳು ಚಂದನ ಏಳನೇ ಕ್ಲಾಸು. ಅವಳಮ್ಮ ನಾಗಶ್ರೀ ಬೆಳಗಿನ ಏಳಕ್ಕೇ ವ್ಯಾನು ಹತ್ತಿ ಮದ್ದೂರಿನ ಗಾರ್ಮೆಂಟ್ಸಿಗೆ ಹೋಗುವವಳು. ಸಂಜೆ ಬಂದು ಮಗಳ ಲೆಕ್ಕ ನೋಡುವಷ್ಟು ಜೀವ ಅವಳಲ್ಲಿ ಉಳಿಯುತ್ತಿರಲಿಲ್ಲ. ಹುಡುಗಿ ಪುಸ್ತಕದ ಕೊನೆ ಪುಟದಿಂದ ಉತ್ತರ ಬರೆದುಕೊಂಡು, ಅದು ಹೇಗೆ ಬಂತು ಎಂದು ತಿಳಿಯದೆ ಪೆನ್ಸಿಲು ಕಚ್ಚುತ್ತ ಕೂರುತ್ತಿದ್ದಳು. ಈಗ ಗೋಡೆಗೆ ದೊಡ್ಡ ಟಿವಿ ಬಂತು. ಮಂಡ್ಯದ ಗುತ್ತಲಿನ ಒಂದು ಕೋಣೆಯಲ್ಲಿ ನಿಂತು ವೀಣ ಮಿಸ್ಸು ಮೂರು ಶಾಲೆಗಳಿಗೆ ಒಂದೇ ಸಲ ಲೆಕ್ಕ ಹೇಳತೊಡಗಿದರು. ಮಕ್ಕಳು ಇಲ್ಲಿಂದ ಕೈ ಎತ್ತಿದರೆ ಅಲ್ಲಿ ಕಾಣುತ್ತಿತ್ತು. ಒಂದೇ ವಾರದಲ್ಲಿ ಚಂದನ ರೊಟ್ಟಿ ಮುರಿಯುತ್ತ, "ತಾತ, ನಂಗೆ ಎಂಟ್ರಲ್ಲಿ ಮೂರು ಭಾಗ ಸಾಕು, ಮಿಕ್ಕಿದ್ ಐದು ನೀನು ತಿನ್ನು" ಅಂದಳು. ಮರಿಸಿದ್ದಯ್ಯನಿಗೆ ಎಷ್ಟು ಸಂತೋಷವಾಯಿತೆಂದರೆ ಆ ಐದು ಭಾಗವನ್ನು ತಿನ್ನಲಾರದೆ ಸುಮ್ಮನೆ ನೋಡುತ್ತ ಕುಳಿತ.

ಲೈನು ಎಳೆದ ದಿನವೇ ಮಹದೇವು ಎಚ್ಚರಿಕೆ ಹೇಳಿದ್ದ. "ನೋಡಣ್ಣ, ಈ ಡಬ್ಬೀಲಿ ಬರೋದೇ ಇಷ್ಟು. ಊರೋರೆಲ್ಲ ಒಂದೇ ಸಲ ಎಳುದ್ರೆ ಟಿವಿಗೆ ಏನೂ ಸಿಕ್ಕಾಕಿಲ್ಲ."

"ಮೇಲ್ಗದ್ದೆಯೋರು ಅಡ್ಡ ಕಟ್ಕಂಡ್ರೆ ಕೊನೆ ಗದ್ದೆ ಒಣಗ್ತದೆ. ಅಷ್ಟೇ ತಾನೆ?"

"ಅಷ್ಟೇ ಕಣಣ್ಣ!"

ಇಂಟರ್ನೆಟ್ಟನ್ನು ಇಷ್ಟು ಬೇಗ ಅರ್ಥ ಮಾಡಿಕೊಂಡ ಮನುಷ್ಯನನ್ನು ಹೆಡ್ಮೇಷ್ಟ್ರು ತಮ್ಮ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಪಾಸ್ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಅವನ ಕೈಗೇ ಕೊಟ್ಟರು. "ನಾನು ದಿನಾ ಅಂಗಿ ಬದಲಾಯಿಸ್ತೀನಿ ಮರಿಸಿದ್ದಯ್ಯ, ನೀನು ಎಲೆಅಡಿಕೆ ಸಂಚಿ ಬದಲಾಯಿಸಲ್ಲ. ನಿನ್ನ ಹತ್ರಾನೇ ಇರ್ಲಿ. ಯಾರಿಗೂ ಹೇಳ್ಬೇಡ." ಹಾಗೆ ಹೇಳಿ ಅವರು ಸಂಜೆಯ ಬಸ್ಸಿಗೆ ಮಂಡ್ಯಕ್ಕೆ ಹೋದರು. ದಿನವೂ ಅದೇ ಬಸ್ಸಿಗೆ ಹೋಗುತ್ತಿದ್ದುದರಿಂದ ಮುಂದೆ ನಡೆದ ಯಾವುದೂ ಅವರ ಕಣ್ಣಿಗೆ ಬೀಳಲಿಲ್ಲ.

ಎರಡು ದಿನ ಎಲ್ಲ ಚೆನ್ನಾಗಿತ್ತು. ಮೂರನೆಯ ಸಂಜೆ ಶಾಲೆಯ ಬಾಗಿಲು ಹಾಕಿದ ಮೇಲೆ ಮರಿಸಿದ್ದಯ್ಯ ಕಿಟಕಿಯಲ್ಲಿ ಇಣುಕಿದ. ಡಬ್ಬಿಯ ಹಸಿರು ದೀಪಗಳು ಪಿಳಿಪಿಳಿ ಎನ್ನುತ್ತಿದ್ದವು. ಅಂದರೆ ಒಳಗೆ ಹರಿಯುತ್ತಲೇ ಇದೆ! ಕುಡಿಯುವವರಿಲ್ಲದೆ ಪೋಲಾಗುತ್ತಿದೆ! ಅವನಪ್ಪ ಒಂದು ಚೊಂಬು ನೀರು ಹಳ್ಳಕ್ಕೆ ಹೋದರೂ ಆ ದಿನ ಮುದ್ದೆ ಮುಟ್ಟದ ಮನುಷ್ಯ. ಮಗನಿಗೂ ಆ ಸಂಜೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನ ಚಲುವಮ್ಮ ಬಂದು ಗೋಗರೆದಳು. "ಮೈಸೂರಲ್ಲಿ ನಮ್ ಅಮೃತಂಗೆ ಮಗ ಆಗದೆ ಕಣಣ್ಣ. ಮೊಕ ನೋಡವಾ ಅಂದ್ರೆ ಫೋನಲ್ಲಿ ಬರೀ ಬೂದಿ ಬೂದಿ ಕಾಣ್ತದೆ. ಒಂದರ್ಧ ಗಂಟೆ ಇಸ್ಕೂಲ್ ನೆಟ್ಟು ಬುಡು."

ಮರಿಸಿದ್ದಯ್ಯ ಆಕಾಶ ನೋಡಿದ, ಸಂಚಿ ನೋಡಿದ. ಪೋಲಾಗುವ ನೀರನ್ನು ಬಾಣಂತಿಯ ತಾಯಿಗೆ ಬಿಟ್ಟರೆ ತಪ್ಪೇನು? ಹೇಳಬೇಡ ಎಂದಿದ್ದರು, ಅವನು ಹೇಳಲಿಲ್ಲ. ಚೀಟಿ ತೆಗೆದು ತೋರಿಸಿದ. ಚಲುವಮ್ಮ ಒಂದೊಂದೇ ಅಕ್ಷರ ನೋಡಿ ಒತ್ತಿದಳು. ಅರ್ಧ ಗಂಟೆ ಅವಳ ಎದುರಿಗೇ ಕುಕ್ಕರುಗಾಲಿನಲ್ಲಿ ಕುಳಿತು, ಹೊತ್ತಾದ ತಕ್ಷಣ ಚೀಟಿಯನ್ನು ವಾಪಸ್ಸು ಇಸಿದುಕೊಂಡು ಸಂಚಿಯೊಳಗಿಟ್ಟು ದಾರ ಬಿಗಿದ.

"ತೂಬು ಬಿತ್ತು," ಎಂದು ಘೋಷಿಸಿದ.

ಗದ್ದೆಯ ಬಾಯಿಂದ ಕೋಲು ಕಿತ್ತರೆ ನೀರು ನಿಲ್ಲುತ್ತದೆ. ಫೋನಿನವರ ಕೈಯಿಂದ ಚೀಟಿ ಕಿತ್ತರೆ ನೆಟ್ಟು ನಿಲ್ಲುತ್ತದೆ. ಇದರಲ್ಲಿ ಅನುಮಾನ ಪಡಲು ಏನಿದೆ? ಮರಿಸಿದ್ದಯ್ಯನಿಗಂತೂ ಇರಲಿಲ್ಲ. ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಪಾಳಿ ಬರೆದ. ಸಂಜೆ ಐದಕ್ಕೆ ಒಬ್ಬರು, ಐದೂವರೆಗೆ ಇನ್ನೊಬ್ಬರು. ಟ್ರ್ಯಾಕ್ಟರಿನ ಕರಿಯಯ್ಯ ಊರಿಗೇ ಮೊದಲ ಗದ್ದೆಯವನು. ಅವನನ್ನು ಬೇಕೆಂದೇ ಕಟ್ಟಕಡೆಗೆ ಹಾಕಿದ. ಚೀಟಿಗಾಗಿ ಮೂರು ವಾರ ಕಾದ ಕರಿಯಯ್ಯ, "ಅಲ್ಪಂಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಇಡುದ್ನಂತೆ. ನೀರ್ಗಂಟಿ ಓಗಿ ನೆಟ್ಟುಗಂಟಿ ಆಗ್ಬುಟ್ನಲ್ಲಪ್ಪ!" ಎಂದು ಅರಳಿಕಟ್ಟೆಯಲ್ಲಿ ನಗಾಡಿದ. ಮರಿಸಿದ್ದಯ್ಯನಿಗೆ ಅದು ಹಾಸ್ಯ ಎಂದು ತಿಳಿಯಲಿಲ್ಲ. ಎಂಟು ವರ್ಷದ ಮೇಲೆ ಊರು ತನಗೆ ಮತ್ತೆ ಹುದ್ದೆ ಕೊಟ್ಟಿತೆಂದು ಎದೆಯುಬ್ಬಿಸಿ ನಡೆದ.

ಒಟ್ಟು ನಲವತ್ತಮೂರು ಫೋನು, ನಲವತ್ತಮೂರು ಪಾಳಿ. ಅದರಲ್ಲಿ ಒಂದು ವಿಶೇಷವಿತ್ತು. ಒಮ್ಮೆ ಪಾಳಿ ಪಡೆದವರು ಯಾರೂ ಎರಡನೆಯ ಸಲ ಕೇಳಲು ಬರಲಿಲ್ಲ. ಒಂದೇ ಪಾಳಿ ನೀರಿಗೆ ತೃಪ್ತಿಪಟ್ಟ ಇಂಥ ಜನವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಊರಿಗೆ ಒಳ್ಳೆಯ ಬುದ್ಧಿ ಬಂತೆಂದು ಹೆಮ್ಮೆಪಟ್ಟ.

ಅಷ್ಟರಲ್ಲಿ ಮಂಡ್ಯದ ಶಿಕ್ಷಣ ಇಲಾಖೆಯಿಂದ ಕಾಗದ ಬಂತು. ಶುಕ್ರವಾರ ಸಾಹೇಬರು ಬರುತ್ತಾರೆ. ಆನ್‌ಲೈನ್ ಪಾಠ ನಲವತ್ತು ನಿಮಿಷ ನಿಲ್ಲದೆ ಓಡಬೇಕು. ಓಡದಿದ್ದರೆ ಟಿವಿ, ಡಬ್ಬಿ ಎರಡೂ ಮಳವಳ್ಳಿ ಕಡೆಯ ಶಾಲೆಗೆ. ಅಲ್ಲಿಯವರು ಆಗಲೇ ಗೋಡೆಗೆ ಮೊಳೆ ಹೊಡೆದು ಕಾಯುತ್ತಿದ್ದಾರೆಂದು ಹೆಡ್ಮೇಷ್ಟ್ರು ತಣ್ಣಗೆ ಹೇಳಿದರು.

ಮನೆಗೆ ಬಂದು ಮರಿಸಿದ್ದಯ್ಯ ಮೊಮ್ಮಗಳಿಗೆ ವಿಷಯ ತಿಳಿಸಿದ. ಚಂದನ ಭಾಗಾಕಾರದಿಂದ ತಲೆ ಎತ್ತಲಿಲ್ಲ. "ಟಿವಿ ಓದ್ರೆ ಓಗ್ಲಿ ಬುಡು ತಾತ. ಲೆಕ್ಕ ಬರ್ದೆ ಎಸ್ಸೆಲ್ಸಿ ಆಗಾಕಿಲ್ಲ. ನಾನೂ ಅಮ್ಮನ್ ವ್ಯಾನ್ಗೇ ಅತ್ಕತೀನಿ." ಬಸ್ಸಿನ ಹೊತ್ತು ಹೇಳಿದಷ್ಟು ಸಲೀಸಾಗಿ ಹೇಳಿದಳು. ಮರಿಸಿದ್ದಯ್ಯ ಎದ್ದು ಹೆಗಲಿಗೆ ಟವೆಲು ಹಾಕಿದ. ಆಗುವುದಿಲ್ಲ, ಶುಕ್ರವಾರ ಊರಿಗೆ ಊರೇ ಶಾಲೆಯ ಬೆನ್ನಿಗೆ ನಿಲ್ಲಬೇಕು! ಅವನು ಮನೆಮನೆಗೂ ಹೋಗಿ, "ಸಾಹೇಬ್ರು ಬತ್ತಾವ್ರೆ, ಒಬ್ರೂ ಗದ್ದೆಗೆ ಓಗಂಗಿಲ್ಲ, ಎಲ್ಲಾ ಇಸ್ಕೂಲತ್ರ ಬಂದು ನಿಂತ್ಕಳಿ" ಎಂದು ಸಾರಿ ಬಂದ. ಅದುವರೆಗೆ ಪಾಠದ ಹೊತ್ತಿಗೆ ಊರೆಲ್ಲ ಗದ್ದೆಯಲ್ಲಿರುತ್ತಿತ್ತು, ಫೋನುಗಳೂ ಗದ್ದೆಯಲ್ಲಿರುತ್ತಿದ್ದವು. ಆ ಒಂದು ಪುಣ್ಯವನ್ನೂ ಅವನೇ ಕೈಯಾರೆ ತೊಳೆದ.

ಶುಕ್ರವಾರ ಬೆಳಿಗ್ಗೆ ಸಾಹೇಬರು ಯತೀಶ್ ಜೀಪಿನಿಂದ ಇಳಿದವರೇ ಕೇಳಿದ ಮೊದಲ ಪ್ರಶ್ನೆ, "ಇಲ್ಲಿ ವೈಫೈ ಚೆನ್ನಾಗಿದೆಯೇನ್ರಿ? ನಮ್ಮ ಮೇಲಿನವರಿಗೆ ಪಾಠಾನ ನೇರವಾಗಿ ತೋರಿಸ್ಬೇಕು."

ಮನೆಗೆ ಬಂದ ನೆಂಟರಿಗೆ ಮೊದಲು ನೀರು ಕೊಡುವುದು ಪದ್ಧತಿ. ಮರಿಸಿದ್ದಯ್ಯ ಕೈಮುಗಿದು ಚೀಟಿ ಒಪ್ಪಿಸಿದ. ಸಾಹೇಬರು ಒತ್ತಿಕೊಂಡು ವಾಪಸ್ಸು ಕೊಟ್ಟರು. ಅವನು ಸಂಚಿಯ ದಾರ ಬಿಗಿದ.

ಹನ್ನೊಂದಕ್ಕೆ ಪಾಠ ಶುರುವಾಯಿತು. ನಾಲ್ಕು ನಿಮಿಷ ಓಡಿತು. ಐದನೆಯ ನಿಮಿಷದಲ್ಲಿ ವೀಣ ಮಿಸ್ಸು ಒಂದು ಕೈ ಮೇಲೆತ್ತಿ, ಬಾಯಿ ತೆರೆದು, ಹಾಗೆಯೇ ನಿಂತುಬಿಟ್ಟರು. ಮುಂದಿನ ಬೆಂಚಿನವರು ಇದೂ ಪಾಠವೆಂದು ತಿಳಿದು ತಾವೂ ಬಾಯಿ ತೆರೆದು ಕೈ ಎತ್ತಿ ಕುಳಿತರು. ಟಿವಿಯ ನಡುವೆ ಒಂದು ಚಕ್ರ ಸುತ್ತತೊಡಗಿತು. ಸಾಹೇಬರು ಕೈಗಡಿಯಾರ ನೋಡಿದರು. ಹೆಡ್ಮೇಷ್ಟ್ರು ಮಹದೇವುಗೆ ಫೋನು ಮಾಡಿದರೆ ಅವನು ಯಲಿಯೂರಿನ ಕಂಬದ ಮೇಲಿದ್ದ. "ಇಳ್ದು ಬತ್ತೀನಿ ಸಾ. ಎರಡು ಗಂಟೆ ಆಯ್ತದೆ."

"ಮೇಡಂದು ಹನ್ನೆರಡಕ್ಕೆ ಇನ್ನೊಂದು ಪೀರಿಯಡ್ ಇದೆ," ಎಂದರು ಸಾಹೇಬರು. "ಅದೂ ನಿಂತರೆ ನಾನು ಬರೆಯೋದನ್ನ ಬರೀತೀನಿ."

ಮರಿಸಿದ್ದಯ್ಯನ ಅಂಗಿ ಬೆನ್ನಿಗೆ ಅಂಟಿತು. ಕೊನೆ ಗದ್ದೆಗೆ ನೀರು ಬರದಿದ್ದರೆ ನೀರುಗಂಟಿ ಮಾಡುವುದು ಒಂದೇ ಕೆಲಸ: ಕಾಲುವೆಗುಂಟ ಮೇಲಕ್ಕೆ ನಡೆದು ಕಳ್ಳನನ್ನು ಹಿಡಿಯುವುದು. ಹೊರಗೆ ಬಂದ. ಕಾಂಪೌಂಡಿನುದ್ದಕ್ಕೂ ಊರು ಸಾಲಾಗಿ ಕುಳಿತಿತ್ತು. ಎಲ್ಲರ ಕೈಯಲ್ಲೂ ಫೋನು. ಕರಿಯಯ್ಯ ಟ್ರ್ಯಾಕ್ಟರ್ ಪಂದ್ಯ ನೋಡುತ್ತಿದ್ದ. ಚಲುವಮ್ಮ ಸಾರಿಗೆ ಒಗ್ಗರಣೆ ಹಾಕುತ್ತಲೇ ಮೈಸೂರಿನ ಮೊಮ್ಮಗನನ್ನು ಮಾತಾಡಿಸುತ್ತಿದ್ದಳು.

"ಎಲಾ ಇವ್ರ! ಚೀಟಿ ನನ್ ಸಂಚೀಲೈತೆ! ಎಂಗ್ ಎಳೀತಾ ಇದ್ದೀರ್ಲಾ ನೀವು?"

"ಚೀಟಿ ಯಾಕಣ್ಣ?" ಎಂದಳು ಚಲುವಮ್ಮ. "ಆವತ್ತು ನೀನು ಕೊಟ್ಯಲ್ಲ, ಆವತ್ತಿಂದ ಬತ್ತಾನೇ ಐತೆ. ಧರ್ಮಾತ್ಮ ಕಣಣ್ಣ ನೀನು."

ಹಿಂದೆಯೇ ಬಂದಿದ್ದ ಚಂದನ ತಾತನ ಅಂಗಿ ಜಗ್ಗಿದಳು. "ಒಂದ್ಸಲ ಒತ್ತುದ್ರೆ ಮುಗೀತು ತಾತ. ಫೋನು ಮರೆಯಾಕಿಲ್ಲ."

"ಅಂದ್ರೆ... ಕೋಲು ಕಿತ್ರೂ ನೀರು ನಿಲ್ಲಾಕಿಲ್ವಾ?"

"ಇಲ್ಲ ತಾತ."

"ನಲವತ್ಮೂರು ತೂಬೂ ತೆಗ್ದೇ ಅವ್ಯಾ?"

"ನಲವತ್ಮೂರೂ."

ಬೇಲಿಯೇ ಎದ್ದು ಹೊಲ ಮೇಯ್ದ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ಇಲ್ಲಿ ಬೇಲಿ ದನಗಳಿಗೆ ಪಾಳಿ ಪ್ರಕಾರ ಚೀಟಿ ಹಂಚಿ ಕರೆದಿತ್ತು. ಮರಿಸಿದ್ದಯ್ಯ ಹೆಡ್ಮೇಷ್ಟ್ರ ಬಳಿ ಹೋಗಿ ಎಲ್ಲವನ್ನೂ ಒಪ್ಪಿಕೊಂಡ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಯಾರಿಗೂ ಹೇಳ್ಬೇಡ ಅಂದಿದ್ನಲ್ಲ ಮರಿಸಿದ್ದಯ್ಯ?"

"ಯಾರ್ಗೂ ಯೋಳಿಲ್ಲ ಸ್ವಾಮಿ. ಬರೀ ತೋರ್ಸ್ದೆ."

ಹೆಡ್ಮೇಷ್ಟ್ರು ಮತ್ತೆ ಕನ್ನಡಕ ತೆಗೆದರು. ಪಾಸ್ವರ್ಡು ಬದಲಾಯಿಸಬೇಕಾದವನು ಯಲಿಯೂರಿನ ಕಂಬದ ಮೇಲೆ. ಗಡಿಯಾರ ಹನ್ನೊಂದೂವರೆ.

ಮರಿಸಿದ್ದಯ್ಯ ಕಾಂಪೌಂಡಿಗೆ ಓಡಿ ಕೈಮುಗಿದ. "ನಿಮ್ ದಮ್ಮಯ್ಯ, ಎಲ್ಲಾ ಫೋನು ಆಫ್ ಮಾಡ್ರಪ್ಪ." ಎಲ್ಲರೂ "ಆಯ್ತಾಯ್ತು" ಎಂದರು, ಒಬ್ಬರೂ ಮಾಡಲಿಲ್ಲ. ನಾನೊಬ್ಬ ಎಳೆದರೆ ಏನು ಕಮ್ಮಿಯಾದೀತು ಎಂದು ಪ್ರತಿಯೊಬ್ಬರೂ ಪಕ್ಕದವರ ಫೋನು ನೋಡುತ್ತ ಕುಳಿತರು. ನೀರಿನ ಕಾಲದಲ್ಲೂ ಇವರು ಹೀಗೆಯೇ ಇದ್ದರು. ಆಗ ಮಾತಿಗೆ ಬಗ್ಗದವರು ಯಾವುದಕ್ಕೆ ಬಗ್ಗುತ್ತಿದ್ದರು ಎಂಬುದು ಅವನಿಗೆ ಥಟ್ಟನೆ ನೆನಪಾಯಿತು. ಪಂಚೆ ಎತ್ತಿ ಕಟ್ಟಿ ಮನೆಗೆ ಓಡಿದ.

ಹತ್ತು ನಿಮಿಷಕ್ಕೆ ಮೈತುಂಬ ಜೇಡರಬಲೆ ಮೆತ್ತಿಕೊಂಡು ವಾಪಸ್ಸು ಬಂದ. ಕೈಯಲ್ಲಿ ಕೋಲು. ಕೆಂಪು ಬಟ್ಟೆಯನ್ನು ಇಲಿ ಅರ್ಧ ತಿಂದಿತ್ತು. ಅದನ್ನು ಶಾಲೆಯ ಗೇಟಿನ ನಡುವೆ ನೆಟ್ಟು, ಎರಡು ಕಲ್ಲು ಕೊಟ್ಟು ಬಿಗಿ ಮಾಡಿದ.

ಕಾಂಪೌಂಡಿನಲ್ಲಿ ವಯಸ್ಸಾದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಚಲುವಮ್ಮ ತರಕಾರಿ ಮಂಕರಿಯನ್ನು ಬರಿದು ಮಾಡಿ ಕೋಲಿನ ಬುಡದಲ್ಲಿಟ್ಟು, ಮೊಮ್ಮಗನಿಗೆ "ಆಮ್ಯಾಕ್ ಬತ್ತೀನಿ ಕೂಸೆ" ಎಂದು ಹೇಳಿ, ತನ್ನ ಫೋನನ್ನು ಆರಿಸಿ ಮೊದಲು ಅದಕ್ಕೆ ಹಾಕಿದಳು. ಒಂದಾದ ಮೇಲೊಂದು ಬಿದ್ದವು. ಕರಿಯಯ್ಯ ಮಾತ್ರ ಕದಲಲಿಲ್ಲ.

"ನಮ್ ಮೊಮ್ಮಗ ಮಂಡ್ಯದ್ ಕಾನ್ವೆಂಟಿಗೆ ಓಯ್ತಾನೆ. ನಿನ್ ಟಿವಿ ಇದ್ರೆಷ್ಟು, ಓದ್ರೆಷ್ಟು? ನಂಗ್ಯಾಕ್ಲಾ?"

"ಕರಿಯಣ್ಣ, ಗಂಟೆ ಆಯ್ತಾ ಬಂತು ಕಣಣ್ಣ..." ಮರಿಸಿದ್ದಯ್ಯ ಕೈಮುಗಿದ.

ಚಲುವಮ್ಮ ಸೌಟು ಹಿಡಿದೇ ಮುಂದೆ ಬಂದಳು. "ಏನಯ್ಯಾ? ನಿಮ್ಮಪ್ಪ ಊರ್ಗೇ ಹುಲಿ ಅನ್ನುಸ್ಕಂಡೋನು. ಈ ಕೋಲು ಕೊನೆ ಗದ್ದೇಲಿ ನಿಂತಿತ್ತು ಅಂತ ತನ್ ಬತ್ತ ಒಣಗುದ್ರೂ ಬದ ಮುಟ್ನಿಲ್ಲ. ನೀನು ಅವ್ನ್ ಮಗ ಔದೋ ಅಲ್ವೋ, ಇಲ್ಲೇ ಎಲ್ರ ಮುಂದೆ ಯೋಳ್ಬುಡು!"

ಊರೆಲ್ಲ ನೋಡುತ್ತಿರುವಾಗ ಈ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಕರಿಯಯ್ಯ ಗೊಣಗುತ್ತ ಬಂದು ಫೋನನ್ನು ಮಂಕರಿಗೆ ಎಸೆದ. ಮರಿಸಿದ್ದಯ್ಯ ಎಣಿಸಿದ. ನಲವತ್ತಮೂರು.

ಹನ್ನೆರಡಕ್ಕೆ ವೀಣ ಮಿಸ್ಸು ಮತ್ತೆ ಬಂದರು. ಒಂದು ನಿಮಿಷ, ಎರಡು ನಿಮಿಷ, ಮೂರು. ಬಾಗಿಲಲ್ಲಿ ನಿಂತ ಮರಿಸಿದ್ದಯ್ಯ ಬೆರಳು ಮಡಿಸಿ ಎಣಿಸಿದ. ನಾಲ್ಕನೆಯ ನಿಮಿಷ ಮಿಸ್ಸಿನ ಮಾತು ತೊದಲಿತು. ಕೈ ನಿಂತಿತು. ಚಕ್ರ ಸುತ್ತಿತು.

ಅವನು ಮಂಕರಿಯ ಬಳಿ ಓಡಿ ಮತ್ತೆ ಎಣಿಸಿದ. ನಲವತ್ತಮೂರೇ. ಇನ್ನೆಲ್ಲಿ ಸೋರುತ್ತಿದೆ? ಒಳಗೆ ಬಂದಾಗ ಚಂದನ ಬೆಂಚಿನಿಂದ ಅವನನ್ನೇ ನೋಡುತ್ತಿದ್ದಳು. ಅವಳು ಕಣ್ಣಿನಲ್ಲೇ ಕಿಟಕಿಯ ಕಡೆ ತೋರಿಸಿದಳು. ಅಲ್ಲಿ ಸಾಹೇಬರ ಫೋನು ಸರಳಿಗೆ ಒರಗಿ ನಿಂತು, ಪಾಠ ಹೇಗೆ ಓಡುತ್ತಿದೆ ಎಂಬುದನ್ನು ಮಂಡ್ಯದ ಮೇಲಿನವರಿಗೆ ನೇರವಾಗಿ ತೋರಿಸುತ್ತಿತ್ತು.

ಬಾಗಿಲಿನಿಂದ ಕಿಟಕಿಗೆ ಹದಿನಾಲ್ಕು ಹೆಜ್ಜೆ. ಅಷ್ಟು ದೂರವನ್ನು ಮರಿಸಿದ್ದಯ್ಯ ತನ್ನ ಅರವತ್ತಾರು ವರ್ಷದಲ್ಲಿ ನಡೆದಿರಲಿಲ್ಲ.

"ಸ್ವಾಮಿ... ತಾವೂ ಆಫ್ ಮಾಡ್ಬೇಕು."

"ಏನಂದ್ರಿ?"

"ತಮ್ದು ಒಂದು ತೂಬು ತೆಗ್ದೈತೆ ಸ್ವಾಮಿ. ನಾನೇ ತೆಗ್ದಿದ್ದು. ತಪ್ಪು ನಂದೇಯ."

ಸಾಹೇಬರ ಮುಖ ಕೆಂಪಾಯಿತು. ಹೆಡ್ಮೇಷ್ಟ್ರು ಗೋಡೆಯ ಭೂಪಟದಲ್ಲಿ ಏನನ್ನೋ ಹುಡುಕತೊಡಗಿದರು. "ನಾನು ಯಾರು ಅಂತ ಗೊತ್ತೇನ್ರಿ ನಿಮಗೆ?"

ಮರಿಸಿದ್ದಯ್ಯನ ಬಾಯಿಂದ ಅಪ್ಪನ ಕಾಲದ ಮಾತೇ ಬಂತು. "ಗೊತ್ತು ಸ್ವಾಮಿ. ನಲವತ್ನಾಕ್ನೇ ಗದ್ದೆ. ಕೋಲು ಇಲ್ಲಿ ನೆಟ್ಟೈತೆ."

ಕಿಟಕಿಯ ಸರಳುಗಳ ಆಚೆ ಕಟ್ಟೆದೊಡ್ಡಿಯ ಮುಖಗಳೆಲ್ಲ ಒತ್ತಿಕೊಂಡು ನೋಡುತ್ತಿದ್ದವು. ಅವುಗಳ ನಡುವೆ ಕರಿಯಯ್ಯನದೂ ಇತ್ತು. ನನ್ನದು ಬಿದ್ದ ಮೇಲೆ ಇವನದು ಯಾಕೆ ಬೀಳುವುದಿಲ್ಲ ಎಂದು ಅವನ ಹುಬ್ಬು ಕೇಳುತ್ತಿತ್ತು. ಸಾಹೇಬರು ಟಿವಿಯ ಚಕ್ರ ನೋಡಿದರು, ಬಾಯಿ ತೆರೆದು ಕೈ ಎತ್ತಿ ಕುಳಿತಿದ್ದ ಮುಂದಿನ ಬೆಂಚನ್ನು ನೋಡಿದರು, ಫೋನು ತೆಗೆದು ಆರಿಸಿದರು. ಮರಿಸಿದ್ದಯ್ಯ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಹೋಗಿ ಮಂಕರಿಗೆ ಹಾಕಿದ.

ವೀಣ ಮಿಸ್ಸಿನ ಕೈ ಕೆಳಗಿಳಿಯಿತು. "...ಕೇಳಿಸ್ತಾ ಮಕ್ಕಳೇ?"

"ಈಗಿನಿಂದ ನಲವತ್ತು," ಎಂದು ಸಾಹೇಬರು ಗಂಟಲು ಸರಿಮಾಡಿಕೊಂಡರು.

ಪಾಠ ಓಡಿತು. ಹತ್ತು, ಇಪ್ಪತ್ತು, ಮೂವತ್ತು ನಿಮಿಷ. ಕಡೆಗೆ ಮಿಸ್ಸು ಒಂದು ಲೆಕ್ಕ ಕೊಟ್ಟರು. "ಒಂದು ನಲ್ಲಿ ತೊಟ್ಟಿಯನ್ನು ಆರು ಗಂಟೆಯಲ್ಲಿ ತುಂಬಿಸುತ್ತೆ. ತೊಟ್ಟಿಯ ತಳದಲ್ಲಿ ಒಂದು ತೂತಿದೆ. ಅದು ತುಂಬಿದ ತೊಟ್ಟಿಯನ್ನು ಹನ್ನೆರಡು ಗಂಟೆಯಲ್ಲಿ ಬರಿದು ಮಾಡುತ್ತೆ. ಎರಡೂ ತೆರೆದಿದ್ದರೆ ತೊಟ್ಟಿ ತುಂಬೋಕೆ ಎಷ್ಟು ಹೊತ್ತು?"

"ಅಯ್ಯೋ, ಮೊದ್ಲು ತೂತು ಮುಚ್ರಮ್ಮ!" ಎಂದು ಮರಿಸಿದ್ದಯ್ಯ ಬಾಗಿಲಿನಿಂದ ಕೂಗಿಬಿಟ್ಟ. ಮೂರು ಊರಿನ ಮಕ್ಕಳಿಗೂ ಅದು ಕೇಳಿಸಿತು. ಮಿಸ್ಸು ಬೆಚ್ಚಿ ಹಿಂದೆ ನೋಡಿದರು.

ಚಂದನ ಮೂರು ಸಾಲು ಗೀಚಿ ಕೈ ಎತ್ತಿದಳು. "ಹನ್ನೆರಡು ಗಂಟೆ ಮಿಸ್." ತಾತನ ಕಡೆ ನೋಡಿ ಸೇರಿಸಿದಳು. "ನಮ್ ತಾತ ತೂತು ಮುಚ್ಚುದ್ರೆ ಆರೇ ಗಂಟೆ."

"ಎರಡೂ ಸರಿ," ಎಂದರು ಮಿಸ್ಸು. ಮರಿಸಿದ್ದಯ್ಯ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. ಈ ಸಲ ಅದು ಬೆವರಲ್ಲ.

ನಲವತ್ತು ನಿಮಿಷ ಆಯಿತು. ಸಾಹೇಬರು ಕಾಗದದ ಮೇಲೆ "ನಿಲ್ಲದೆ ಓಡಿದೆ" ಎಂದು ಬರೆದು ಸಹಿ ಮಾಡಿ, ಫೋನು ತೆಗೆದುಕೊಳ್ಳಲು ಗೇಟಿಗೆ ಬಂದರು. ಒಳಗಿನಿಂದ ಚಂದನಳ ದನಿ ಕೇಳಿತು. "ಮಿಸ್, ಇದೇ ಥರದ್ದು ಇನ್ನೊಂದು ಲೆಕ್ಕ ಕೊಡಿ."

ಕೋಲು ಕೀಳಲೆಂದು ಗೇಟಿಗೆ ಬಂದು ಅದರ ಮೇಲೆ ಇಟ್ಟಿದ್ದ ಕೈಯನ್ನು ಮರಿಸಿದ್ದಯ್ಯ ಹಿಂದಕ್ಕೆ ತೆಗೆದ. ಸಾಹೇಬರು ನೆರಳು ಹುಡುಕಿಕೊಂಡು ಬಂದು ಕಾಂಪೌಂಡಿನ ಬುಡದಲ್ಲಿ, ಕರಿಯಯ್ಯನ ಪಕ್ಕದಲ್ಲಿ ಕುಳಿತರು.

"ಯಾವಾಗ್ರಿ ಬಿಡ್ತಾನೆ ಇವನು?"

ಕರಿಯಯ್ಯ ಮಂಕರಿಯ ಕಡೆ ಒಮ್ಮೆ, ಶಾಲೆಯ ಬಾಗಿಲ ಕಡೆ ಒಮ್ಮೆ ನೋಡಿದ.

"ಸುಮ್ಕೆ ಕೂತ್ಕಳಿ ಸ್ವಾಮಿ. ಕೊನೆ ಗದ್ದೆ ಇನ್ನೂ ಕುಡೀತಾ ಐತೆ."